ಸ್ಪೆಕ್ ನಂಬಬೇಕಾ, ಕೋಡ್ ನಂಬಬೇಕಾ?

‘ಮೊತ್ತವನ್ನು ಹತ್ತಿರದ ರೂಪಾಯಿಗೆ ರೌಂಡ್ ಮಾಡಿ’ ಅನ್ನುತ್ತೆ ಸ್ಪೆಕ್, ಅಂದರೆ ಸಾಫ್ಟ್‌ವೇರ್ ಹೇಗೆ ಕೆಲಸ ಮಾಡಬೇಕು ಅಂತ ನಮಗೆ ಬರೆದುಕೊಟ್ಟ ದಾಖಲೆ. ಸರಿ, ಸರಿಯಾಗಿ 50 ಪೈಸೆ ಬಂದರೆ ಮೇಲಕ್ಕೋ ಕೆಳಕ್ಕೋ? ಅದಕ್ಕೆ ಸ್ಪೆಕ್ ಬಾಯೇ ಬಿಡಲ್ಲ. ಸ್ಪೆಕ್ ಬರೆದವರೇ ಮಾದರಿಗೆ ಕೊಟ್ಟ ರೆಫರೆನ್ಸ್ ಕೋಡ್ ಪೈಥಾನ್ ಭಾಷೆಯಲ್ಲಿದೆ. ಅದರ ರೌಂಡ್ ಅರ್ಧ ಬಂದಾಗ ಸಮಸಂಖ್ಯೆ ಕಡೆ ಹೋಗುತ್ತೆ: 2.50 ಇದ್ದದ್ದು 2, 3.50 ಇದ್ದದ್ದು 4. ನಾವು ಬರೆಯೋದು ಜಾವಾ ಭಾಷೆಯಲ್ಲಿ, ಅದರ ಮ್ಯಾಥ್ ರೌಂಡ್ 2.50ಕ್ಕೆ 3 ಕೊಡುತ್ತೆ. ಲೆಕ್ಕ ತಾಳೆ ಆಗಲ್ಲ.

ನಿನ್ನೆ ರಾತ್ರಿ ಬೆಳ್ಳಂದೂರಿನ ಆಫೀಸಲ್ಲಿ ಕೂತು ಅವರಿಗೆ ಫೋನ್ ಮಾಡಿ ಕೇಳಿದರೆ, ‘ಕೋಡ್ ಹೇಗಿದೆಯೋ ಹಾಗೇ ಮಾಡಿ ಸರ್.’ ಹಾಗಾದರೆ ಅಷ್ಟುದ್ದದ ಸ್ಪೆಕ್ ಪಿಡಿಎಫ್ ಯಾಕ್ರೀ ಬರೆದ್ರಿ? ಕಳೆದ ತಿಂಗಳು ಅದೇ ಕೋಡ್ ತೋರಿಸಿದಾಗ ‘ಅದು ಬರೀ ಸ್ಯಾಂಪಲ್, ಸ್ಪೆಕ್ ಓದಿ’ ಅಂದಿದ್ದು ಇದೇ ಜನ ತಾನೇ!

ಇದೇನು ಹೊಸ ರೋಗವಲ್ಲ. ಸರಳ ಗುರುತುಗಳಿಂದ ಬರಹಕ್ಕೆ ರೂಪ ಕೊಡೋ 2004ರ ಮಾರ್ಕ್‌ಡೌನ್‌ನದ್ದೂ ಇದೇ ಕಥೆ. ವಿವರಣೆಯಲ್ಲಿ ಇಲ್ಲದ್ದನ್ನು ಅದರ ಜೊತೆ ಬಂದ, ಪರ್ಲ್ ಭಾಷೆಯ ಸ್ಕ್ರಿಪ್ಟ್ ಓಡಿಸಿ ನೋಡಬೇಕಿತ್ತು, ಆ ಸ್ಕ್ರಿಪ್ಟ್‌ನಲ್ಲೇ ಬಗ್‌ಗಳು. ಮಾರ್ಕ್‌ಡೌನ್ ಓದೋ ಒಂದೊಂದು ಪ್ರೋಗ್ರಾಂ (ಪಾರ್ಸರ್) ಒಂದೊಂದು ದಾರಿ ಹಿಡಿದ ಮೇಲೆ 2014ರಲ್ಲಿ ಕಾಮನ್‌ಮಾರ್ಕ್ ಅನ್ನೋ ಖಚಿತವಾದ ಸ್ಪೆಕ್ ಬಂತು.

ಇಷ್ಟೆಲ್ಲ ಆದಮೇಲೂ ಅರ್ಧ ರೂಪಾಯಿ ಬಗ್ಗೆ ಒಂದು ಸಾಲು ಬರೆಯೋಕಾಗಲ್ವಾ? ನಮಗೆ ಕೊಟ್ಟ ಸ್ಪೆಕ್, ಕೋಡ್ ಎರಡನ್ನೂ ಬರೆದವರು ಅವರೇ. ಟೆಸ್ಟ್ ಫೇಲ್ ಆದಾಗ ಬೈಸಿಕೊಳ್ಳೋರು ಮಾತ್ರ ನಾವಾ?