ಮಾರಾಟವಾಗದ ಚಿತ್ರಕ್ಕೆ ಕೆಂಪು ಬೊಟ್ಟು

ನಾವು ಐವರು ಸೇರಿ ಬೆಂಗಳೂರಿನಲ್ಲಿ ನಡೆಸಿದ ಚಿತ್ರಪ್ರದರ್ಶನ ಮುಗಿದು ಇನ್ನೂ ಹೆಚ್ಚು ದಿನಗಳಾಗಿಲ್ಲ. ಚಿತ್ರಗಳೆಲ್ಲ ಹಳೆಯ ಬೆಡ್‌ಶೀಟುಗಳನ್ನು ಸುತ್ತಿಕೊಂಡು ಅವರವರ ಮನೆಯ ಅಟ್ಟಕ್ಕೆ, ಮಂಚದ ಕೆಳಕ್ಕೆ, ಬೀರುವಿನ ಹಿಂಬದಿಗೆ ಮರಳಿವೆ. ಅವು ಮಾರಾಟವಾಗಲಿಲ್ಲವೆಂಬ ದುಃಖ ನನಗಿಲ್ಲ. ಅದಕ್ಕೆ ಬೇಕಾದದ್ದು ಅಭ್ಯಾಸ, ಆ ಅಭ್ಯಾಸ ನನಗೆ ಚೆನ್ನಾಗಿಯೇ ಆಗಿದೆ. ಈಗಲೂ ನನ್ನ ಮೈ ಉರಿಯುತ್ತಿರುವುದು ಒಂದು ಪ್ಯಾಕೆಟ್ ಸ್ಟಿಕ್ಕರ್ ಬೊಟ್ಟಿನ ವಿಷಯಕ್ಕೆ.

ಚಿತ್ರಪ್ರದರ್ಶನಗಳಿಗೆ ಹೋಗುವ ರೂಢಿಯಿರುವವರು ಗಮನಿಸಿರುತ್ತೀರಿ: ಚಿತ್ರವೊಂದು ಮಾರಾಟವಾದರೆ ಅದರ ಪಕ್ಕದ ಹೆಸರುಚೀಟಿಯ ಮೂಲೆಗೆ ಸಣ್ಣದೊಂದು ಕೆಂಪು ಚುಕ್ಕಿಯನ್ನು ಅಂಟಿಸುತ್ತಾರೆ. ಪ್ರದರ್ಶನ ಮುಗಿಯುವವರೆಗೆ ಚಿತ್ರ ಗೋಡೆಯ ಮೇಲೆಯೇ ಇರಬೇಕಾದ್ದರಿಂದ, ಇದು ಈಗಾಗಲೇ ಬೇರೊಬ್ಬರ ಪಾಲಾಗಿದೆ ಎಂದು ಸದ್ದಿಲ್ಲದೆ ತಿಳಿಸುವ ಏರ್ಪಾಡು ಅದು. ಕುಮಾರಕೃಪಾ ರಸ್ತೆಯಲ್ಲಿ 2003ರಿಂದ ನಡೆದುಬಂದಿರುವ ಚಿತ್ರಸಂತೆಯಲ್ಲಿ ಈ ತೊಂದರೆಯೇ ಇಲ್ಲ. ಅಲ್ಲಿ ಜನವರಿಯ ಒಂದು ಭಾನುವಾರ ರಸ್ತೆಯೇ ಗ್ಯಾಲರಿಯಾಗುತ್ತದೆ, ಕೊಂಡವರು ಚಿತ್ರವನ್ನು ಕಂಕುಳಲ್ಲಿ ಇರಿಸಿಕೊಂಡು, ಇನ್ನೊಂದು ಕೈಯಲ್ಲಿ ಮಗುವನ್ನು ಹಿಡಿದುಕೊಂಡು ಶಿವಾನಂದ ವೃತ್ತದ ಕಡೆಗೆ ನಡೆದುಬಿಡುತ್ತಾರೆ, ಖಾಲಿಯಾದ ಜಾಗಕ್ಕೆ ಕಲಾವಿದ ಇನ್ನೊಂದನ್ನು ಒರಗಿಸುತ್ತಾನೆ. ನಾಲ್ಕು ಗೋಡೆಗಳ ಒಳಗಿನ, ಹವಾನಿಯಂತ್ರಿತವಾದ, ಮಾತನಾಡಲು ದನಿ ತಗ್ಗಿಸಬೇಕಾದ ಗ್ಯಾಲರಿಗಳಿಗೆ ಮಾತ್ರ ಚುಕ್ಕಿ ಬೇಕು. ಅದಕ್ಕೆಂದೇ ಸ್ಟೇಷನರಿ ಅಂಗಡಿಗಳಲ್ಲಿ ಹಾಳೆಗಟ್ಟಲೆ ಸ್ಟಿಕ್ಕರ್ ಸಿಗುತ್ತದೆಯಾದರೂ, ಸಮಯಕ್ಕೆ ಒದಗುವುದು ಹೆಣ್ಣುಮಕ್ಕಳ ಕೈಚೀಲದಲ್ಲಿರುವ ಬೊಟ್ಟೇ.

ಬೊಟ್ಟಿನ ಪ್ರಕರಣಕ್ಕೆ ಬರುವ ಮುನ್ನ ನಮ್ಮ ಗುಂಪಿನ ಪರಿಚಯ ಮಾಡಿಕೊಡಬೇಕು. ಹೂಗಳನ್ನು ಮಾತ್ರ ಜಲವರ್ಣದಲ್ಲಿ ಬರೆಯುವ ಒಬ್ಬ ಮೇಡಂ, ತಮ್ಮ ಅಮೂರ್ತ ಚಿತ್ರಗಳಿಗೆಲ್ಲ ‘ಶೀರ್ಷಿಕೆರಹಿತ’ ಎಂದೇ ಹೆಸರಿಟ್ಟು ಹೆಸರುಚೀಟಿ ಅಂಟಿಸುವವರಿಗೆ ತಲೆನೋವು ತರುವ ಒಬ್ಬ ಮಿತ್ರರು, ಮೈಸೂರಿನ ಕಾವಾ ಎಂಬ ಕಲಾಶಾಲೆಯಲ್ಲಿ ಓದಿ ಬಂದ ಮುದ್ರಣಕಲೆಯ ಹುಡುಗ, ನಾನು, ಮತ್ತು ಹಂಪಿಯವರು. ಹಂಪಿಯವರು ಎಂದರೆ ಹಂಪಿಯ ಊರಿನವರಲ್ಲ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಕುಂಚ ಹಿಡಿದು, ಹಂಪಿಯನ್ನು ಬಿಟ್ಟು ಮತ್ತೇನನ್ನೂ ಬರೆಯದಿರುವವರು. ವಿಜಯವಿಠ್ಠಲ ದೇವಾಲಯದ ಮುಂದಿನ ಕಲ್ಲಿನ ರಥ ಇದ್ದಲ್ಲೇ ಇರುವಂಥದ್ದು ಎಂದು ಪ್ರವಾಸಿಗರು ತಿಳಿದಿದ್ದಾರೆ. ಬೆಂಗಳೂರಿನ ಗುಂಪು ಪ್ರದರ್ಶನಗಳನ್ನು ನೋಡಿದವರಿಗೆ ಗೊತ್ತು, ಅದು ತಿರುಗದ ಗ್ಯಾಲರಿಯೇ ಇಲ್ಲ. ಆ ರಥದ ಮುಂದೆ ನಿಂತ ಕಾಲೇಜು ಹುಡುಗನೊಬ್ಬ ಬೆಲೆ ಕೇಳಿ, ಜೇಬಿನಿಂದ ಐವತ್ತು ರೂಪಾಯಿಯ ನೋಟನ್ನು ತೆಗೆದು ಅದರ ಹಿಂಬದಿಯನ್ನು ತೋರಿಸಿ, “ಅಂಕಲ್, ಇದೇ ರಥ ಇಲ್ಲಿ ಐವತ್ತಕ್ಕೇ ಸಿಗುತ್ತದಲ್ಲ” ಎಂದಾಗ ಹಂಪಿಯವರ ಮುಖ ನೋಡುವಂತಿತ್ತು. ಪ್ರದರ್ಶನದುದ್ದಕ್ಕೂ ನಾನು ಮನಸಾರೆ ನಕ್ಕದ್ದು ಅದೊಂದೇ ಬಾರಿ.

ಚಿತ್ರಗಳನ್ನು ತೂಗುಹಾಕಿದ ಕಥೆಯನ್ನು ವಿಸ್ತರಿಸುವುದಿಲ್ಲ. ಫ್ರೇಮಿನವರು “ನಾಳೆ ಸಂಜೆ ಗ್ಯಾರಂಟಿ ಸಾರ್” ಎಂದು ಹೇಳುತ್ತಲೇ ಉದ್ಘಾಟನೆಯ ಹಿಂದಿನ ರಾತ್ರಿಯವರೆಗೆ ತಂದು ನಿಲ್ಲಿಸಿದ್ದು, ಗೋಡೆಗೆ ಮೊಳೆ ಹೊಡೆಯಬಾರದೆಂಬ ನಿಯಮದಿಂದಾಗಿ ಮೇಲಿನ ಕಂಬಿಯಿಂದ ನೈಲಾನ್ ದಾರ ಇಳಿಬಿಡಬೇಕಾಗಿ ಬಂದು ಕೊಕ್ಕೆಗಳು ಸಾಲದೆ ಹೋದದ್ದು, ಬಾಗಿಲಿನ ಎದುರಿನ ಗೋಡೆ ಎಲ್ಲರಿಗೂ ಬೇಕಾಗಿ ಶೌಚಾಲಯದ ಪಕ್ಕದ ಗೋಡೆ ಯಾರಿಗೂ ಬೇಡವಾಗಿ ಕೊನೆಗೆ ಅದು ವಯಸ್ಸಿನಲ್ಲಿ ಕಿರಿಯನಾದ ಮುದ್ರಣಕಲೆಯ ಹುಡುಗನ ಪಾಲಿಗೆ ಬಂದದ್ದು, ಇವೆಲ್ಲ ಎಲ್ಲ ಗುಂಪುಗಳಲ್ಲೂ ನಡೆಯುವಂಥವು. ಉದ್ಘಾಟನೆಗೆ ಬಂದ ಮುಖ್ಯ ಅತಿಥಿಗಳು ಚಿತ್ರಗಳಿಗೆ ಬೆನ್ನು ಮಾಡಿ ನಿಂತು ಕಲೆಯ ಮಹತ್ವದ ಬಗ್ಗೆ ದೀರ್ಘವಾಗಿ ಮಾತನಾಡಿ, ಚಿತ್ರಗಳನ್ನು ನೋಡದೆಯೇ ಹೊರಟರು. ಅದಕ್ಕೂ ನಾನು ಬೇಸರಿಸಲಿಲ್ಲ.

ಮರುದಿನ ಬೆಳಿಗ್ಗೆ ಗ್ಯಾಲರಿಯ ಬಾಗಿಲು ತೆರೆದಾಗ ಹಂಪಿಯವರ ನಾಲ್ಕು ಚಿತ್ರಗಳ ಹೆಸರುಚೀಟಿಗಳಲ್ಲಿ ಕೆಂಪು ಬೊಟ್ಟುಗಳು ಹೊಳೆಯುತ್ತಿದ್ದವು. ಹೂವಿನ ಮೇಡಂ ಸಂತೋಷದಿಂದ ಅವರ ಕೈ ಕುಲುಕಿದರು. ಶೀರ್ಷಿಕೆರಹಿತರು ಸಂತೋಷಪಡಲು ಸ್ವಲ್ಪ ಸಮಯ ತೆಗೆದುಕೊಂಡರು. ಯಾರು ಕೊಂಡರೆಂದು ನಾನು ಕೇಳಿದಾಗ ಹಂಪಿಯವರು ನನ್ನನ್ನು ಕಂಬದ ಮರೆಗೆ ಕರೆದೊಯ್ದು, “ಯಾರೂ ಇಲ್ಲ ಕಣ್ರೀ, ನಾನೇ ಅಂಟಿಸಿದ್ದು. ಜನವಿಲ್ಲದ ಹೋಟೆಲಿಗೆ ಯಾರಾದರೂ ಊಟಕ್ಕೆ ಹೋಗುತ್ತಾರೆಯೇ? ನಾಲ್ಕು ಮೇಜು ತುಂಬಿದ್ದರೆ ಐದನೆಯವನು ತಾನಾಗಿಯೇ ಬಂದು ಕೂರುತ್ತಾನೆ” ಎಂದರು. ಬ್ಯಾಂಕಿನಲ್ಲಿ ಠೇವಣಿ ಸಂಗ್ರಹಿಸುವ ದಿನಗಳಿಂದಲೂ ತಮಗೆ ಜನರ ಮನಸ್ಸು ಗೊತ್ತಿದೆಯೆಂದೂ, ಈ ವಿಷಯ ನಮ್ಮಿಬ್ಬರಲ್ಲೇ ಇರಲೆಂದೂ ಸೇರಿಸಿದರು. ಒಬ್ಬ ಮನುಷ್ಯನ ಗುಟ್ಟನ್ನು ಕೇಳಿಸಿಕೊಳ್ಳದೆ ಇರುವ ಸ್ವಾತಂತ್ರ್ಯ ಸಂವಿಧಾನದಲ್ಲಿ ಎಲ್ಲಾದರೂ ಇದೆಯೇ ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ.

ಏಕೆಂದರೆ ಆ ಗುಟ್ಟಿನ ಭಾರವನ್ನು ಹೊತ್ತವನು ನಾನು. ಹಂಪಿಯವರು ಬೊಟ್ಟು ಅಂಟಿಸಿ ಬಿಸಿಬೇಳೆಬಾತಿಗೆಂದು ಹೊರಟುಬಿಡುತ್ತಿದ್ದರು. ಬಾಗಿಲ ಬಳಿಯ ಮೇಜಿನಲ್ಲಿ ಸಂದರ್ಶಕರ ಪುಸ್ತಕವನ್ನು ಕಾಯುತ್ತ ಕುಳಿತ ನನ್ನನ್ನು ಬಂದವರೆಲ್ಲ ಕೇಳುತ್ತಿದ್ದುದು, ಅವು ಎಷ್ಟಕ್ಕೆ ಹೋದವು, ಕೊಂಡವರು ಯಾರು, ನಿಮ್ಮದೇಕೆ ಇನ್ನೂ ಹೋಗಿಲ್ಲ ಎಂದು. ಮೂರನೆಯ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ನನ್ನ ಬಳಿಯಿತ್ತು, ಆದರೆ ಅದನ್ನು ಹೇಳಿದರೆ ಮೊದಲೆರಡಕ್ಕೂ ಹೇಳಬೇಕಾಗುತ್ತಿತ್ತು. ಅಷ್ಟರಲ್ಲಿ ಯಾರೋ ಬೊಟ್ಟಿನ ಸಮೇತ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಹಂಚಿದ್ದರಿಂದ, ದಾವಣಗೆರೆಯಲ್ಲಿರುವ ನನ್ನ ಸೋದರತ್ತೆ ಫೋನು ಮಾಡಿ, “ಜೊತೆಯವರದೆಲ್ಲ ಮಾರಾಟವಾಯಿತಂತೆ, ನೀನೂ ಆ ಗುಡಿಗೋಪುರ ಬರೆಯಬಾರದೇನೋ?” ಎಂದು ಹಿತವಚನ ಹೇಳಿದರು. ನಾನು ಬರೆಯುವುದು ನಗರದ ಹಳೆಯ ಗ್ಯಾರೇಜುಗಳನ್ನು. ಅದನ್ನು ಅತ್ತೆ ಇಂದಿಗೂ ಕ್ಷಮಿಸಿಲ್ಲ.

ಪ್ರದರ್ಶನದ ನಡುವಿನ ಒಂದು ಮಧ್ಯಾಹ್ನ, ಇಡೀ ಗ್ಯಾಲರಿಯಲ್ಲಿ ನಾನು ಮತ್ತು ಎ.ಸಿ.ಯ ಸದ್ದು ಇಬ್ಬರೇ ಇದ್ದಾಗ, ಐವತ್ತು ದಾಟಿದ ಮಹಿಳೆಯೊಬ್ಬರು ಒಳಗೆ ಬಂದರು. ಮಳೆಗೆ ಆಸರೆಯಾಗಿ ಬಂದವರಲ್ಲ, ಹೊರಗೆ ಬಿಸಿಲಿತ್ತು. ನನ್ನ ಗ್ಯಾರೇಜುಗಳನ್ನು ಮರ್ಯಾದೆಗೆ ಬೇಕಾದಷ್ಟು ಹೊತ್ತು ನೋಡಿ ಮುಂದಕ್ಕೆ ಹೋದವರು ಹಂಪಿಯವರ ಒಂದು ಸಣ್ಣ ಚಿತ್ರದ ಮುಂದೆ ನಿಂತುಬಿಟ್ಟರು. ಅದು ರಥವಾಗಿರಲಿಲ್ಲ. ತುಂಗಭದ್ರೆಯ ದಡದಲ್ಲಿ ಬಂಡೆಗೆ ಒರಗಿಸಿ ಬೋರಲು ಹಾಕಿದ ಒಂದು ಹರಿಗೋಲು, ಹಿಂದೆ ಬೆಳಗಿನ ನೀರು. ರಥದ ಕಡೆಗೇ ಮನಸ್ಸಿದ್ದ ಹಂಪಿಯವರು ಕೈಗೆ ಬಂದಂತೆ ಬರೆದು ಮುಗಿಸಿದ್ದ ಚಿತ್ರ ಅದು, ಹಾಗಾಗಿಯೇ ಚೆನ್ನಾಗಿತ್ತು. ಆಕೆ ಬಹಳ ಹೊತ್ತು ನಿಂತರು. ಆಮೇಲೆ ನನ್ನ ಬಳಿ ಬಂದು, ತಾವು ಹೊಸಪೇಟೆಯವರೆಂದೂ, ತಂದೆ ಭಾನುವಾರಗಳಂದು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಹಂಪಿಗೆ ಕರೆದೊಯ್ಯುತ್ತಿದ್ದರೆಂದೂ, ಹರಿಗೋಲಿನಲ್ಲಿ ಕೂರಲು ತಮಗೆ ಭಯವಾಗಿ ದಡದಲ್ಲೇ ಬೋರಲು ಹಾಕಿದ್ದರ ಕೆಳಗೆ ತೂರಿಕೊಂಡು ಆಡುತ್ತಿದ್ದುದನ್ನೂ ಹೇಳಿದರು. “ಇದು ಕೊಡುತ್ತೀರಾ?” ಎಂದು ಕೇಳಲು ಬಾಯಿ ತೆರೆದವರು, ತಿರುಗಿ ನೋಡಿ, “ಅಯ್ಯೋ, ಬೊಟ್ಟು ಅಂಟಿಸಿದ್ದೀರಲ್ಲ” ಎಂದರು.

ಹಂಪಿಯವರಿಗೆ ಫೋನು ಮಾಡಿದೆ. ಅದು ನನ್ನೆದುರಿನ ಮೇಜಿನ ಸೆಳೆಖಾನೆಯಲ್ಲೇ ರಿಂಗಾಯಿತು. “ಸ್ವಲ್ಪ ಇರಿ ಮೇಡಂ, ಕೊಂಡವರು ಬಿಟ್ಟುಕೊಟ್ಟರೂ ಕೊಡಬಹುದು, ವಿಚಾರಿಸೋಣ” ಎಂದು, ಇಲ್ಲದ ಕೊಳ್ಳುಗರೊಬ್ಬರನ್ನು ಸೃಷ್ಟಿಸಿ ಅವರಿಗೆ ಉದಾರ ಮನಸ್ಸನ್ನೂ ಕೊಟ್ಟು ಬೇಡಿಕೊಂಡೆ. ಆಕೆ ಒಪ್ಪಲಿಲ್ಲ. “ಬೇಡಿ, ಅವರೂ ಇಷ್ಟಪಟ್ಟೇ ತೆಗೆದುಕೊಂಡಿರುತ್ತಾರೆ. ಒಬ್ಬರ ಮನೆಗೆ ಹೊರಟದ್ದನ್ನು ಕೇಳುವುದು ಸರಿಯಲ್ಲ” ಎಂದು ಹೇಳಿ, ಸಂದರ್ಶಕರ ಪುಸ್ತಕದಲ್ಲಿ ‘ಚೆನ್ನಾಗಿದೆ’ ಎಂದಷ್ಟೇ ಬರೆದು, ಸಹಿ ಮಾಡಿ, ಫೋನ್ ನಂಬರಿನ ಜಾಗವನ್ನು ಖಾಲಿ ಬಿಟ್ಟು ಹೋದರು. ಕಸ್ತೂರಬಾ ರಸ್ತೆಯ ಚಿತ್ರಶಾಲೆಯಲ್ಲಿ ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳ ಮುಂದೆ ವಿದ್ಯಾರ್ಥಿಗಳಾಗಿ ನಾವು ಗಂಟೆಗಟ್ಟಲೆ ನಿಲ್ಲುತ್ತಿದ್ದ ಕಾಲವೊಂದಿತ್ತು. ನಮ್ಮ ಚಿತ್ರದ ಮುಂದೆಯೂ ಯಾರಾದರೂ ಹೀಗೆ ಬೆಲೆಯನ್ನು ಮರೆತು ನಿಲ್ಲಬೇಕೆಂಬ ಆಸೆಯಿಂದಲೇ ನಾವೆಲ್ಲ ಬಣ್ಣ ಕೊಳ್ಳಲು ಶುರುಮಾಡಿದ್ದು. ನನ್ನ ಕಣ್ಣೆದುರಿಗೆ ಹಾಗೆ ನಿಂತವರು ಅವರೊಬ್ಬರೇ, ಅವರು ನಿಂತದ್ದು ನನ್ನ ಚಿತ್ರದ ಮುಂದಲ್ಲ ಎಂಬ ಸಣ್ಣ ಹೊಟ್ಟೆಕಿಚ್ಚು ಕೂಡ ಆ ಹೊತ್ತಿಗೆ ನನಗೆ ಬರಲಿಲ್ಲ.

ಹಂಪಿಯವರು ಮರಳಿ ಬಂದಾಗ ನಡೆದದ್ದನ್ನು ಹೇಳಿದೆ. ಅವರು ತಲೆಯ ಮೇಲೆ ಕೈಹೊತ್ತು ಕೂರುತ್ತಾರೆ, ಆಗ ಎರಡು ಸಮಾಧಾನದ ಮಾತಾಡೋಣ ಎಂದು ನಾನು ಸಿದ್ಧನಾಗಿದ್ದೆ. ಅವರ ಮುಖ ಅರಳಿತು. “ನೋಡಿದಿರಾ! ನಾನು ಹೇಳಿರಲಿಲ್ಲವೇ? ಬೊಟ್ಟು ಇದ್ದುದರಿಂದಲೇ ಅವರಿಗೆ ಅದು ಬೇಕೆನಿಸಿದ್ದು!” ಎಂದವರು, ಆ ಹುಮ್ಮಸ್ಸಿನಲ್ಲಿ ಕಲ್ಲಿನ ರಥಕ್ಕೂ ಒಂದು ಅಂಟಿಸಿ ಬಂದರು. ಅಲ್ಲಿಗೂ ನಿಲ್ಲದೆ, ನನ್ನ ಗ್ಯಾರೇಜಿಗೂ ಒಂದು ಬೊಟ್ಟು ಇಟ್ಟುಬಿಡಲೇ ಎಂದು ವಿಶ್ವಾಸದಿಂದ ಕೇಳಿದರು. ಬೇಡವೆಂದು ನಾನು ಹೇಳಿದ ಧಾಟಿ ಹೂವಿನ ಮೇಡಂ ಅವರಿಗೆ ಇಷ್ಟವಾಗಲಿಲ್ಲವೆಂದು ಆಮೇಲೆ ತಿಳಿಯಿತು.

ಕೊನೆಯ ದಿನ ಗ್ಯಾಲರಿಯ ಗುಮಾಸ್ತರು ರಸೀದಿ ಪುಸ್ತಕವನ್ನು ಹಿಡಿದು ಬಂದರು. ಬಾಡಿಗೆಯ ಜೊತೆಗೆ, ಮಾರಾಟವಾದ ಪ್ರತಿ ಚಿತ್ರದ ಬೆಲೆಯಲ್ಲಿ ಒಂದು ಪಾಲು ಗ್ಯಾಲರಿಗೆ ಸಲ್ಲಬೇಕೆಂಬುದು ಅರ್ಜಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಇತ್ತು. ಅವರು ಗೋಡೆಯುದ್ದಕ್ಕೂ ನಡೆದು ಬೊಟ್ಟುಗಳನ್ನು ಎಣಿಸಿ, ಬೆಲೆಗಳನ್ನು ಕೂಡಿ, ಪಾಲನ್ನು ಬರೆದು ಹಂಪಿಯವರ ಮುಂದೆ ಚಾಚಿದರು. ಇವು ಬರೀ ಬೊಟ್ಟುಗಳು ಎಂದು ಹಂಪಿಯವರೂ, ನಮಗೆ ಬೊಟ್ಟೇ ಆಧಾರ ಸಾರ್ ಎಂದು ಗುಮಾಸ್ತರೂ ವಾದಿಸುತ್ತಿರುವಾಗ, ಬ್ಯಾಂಕಿನ ಮಿದುಳು ಮತ್ತೊಮ್ಮೆ ಕೆಲಸ ಮಾಡಿತು. ಕಾಯ್ದಿರಿಸಿದ ಚಿತ್ರಕ್ಕೆ ಅರ್ಧ ಚುಕ್ಕಿ ಹಾಕುವ ಕ್ರಮವೂ ಕೆಲವು ಗ್ಯಾಲರಿಗಳಲ್ಲಿ ಉಂಟು. ಅದು ನೆನಪಾದದ್ದೇ ತಡ, ಹಂಪಿಯವರು ಗುಮಾಸ್ತರು ಫೋನಿನಲ್ಲಿ ಮಾತನಾಡಲು ಹೊರಗೆ ಹೋದ ಸಂದಿಯಲ್ಲಿ ಹೂವಿನ ಮೇಡಂ ಅವರ ಕತ್ತರಿಯನ್ನು ಪಡೆದು ಒಂದೊಂದೇ ಬೊಟ್ಟನ್ನು ಕಿತ್ತು, ಅರ್ಧಕ್ಕೆ ಕತ್ತರಿಸಿ, ಮತ್ತೆ ಅಂಟಿಸತೊಡಗಿದರು. ಕಿತ್ತ ಬೊಟ್ಟಿನ ಅಂಟು ಒಣಗಿದ್ದರಿಂದ ಅರ್ಧಚಂದ್ರಗಳು ನಿಲ್ಲಲಿಲ್ಲ, ಕೆಲವು ಜಾರಿ ನೆಲಕ್ಕೆ ಬಿದ್ದವು, ಒಂದು ಅವರದೇ ಮೊಣಕೈಗೆ ಅಂಟಿಕೊಂಡಿತು. ಮರಳಿ ಬಂದ ಗುಮಾಸ್ತರು ಅರ್ಧಚಂದ್ರಗಳನ್ನು ತಾಳ್ಮೆಯಿಂದ ನೋಡಿ, “ಹಾಗಾದರೆ ಅರ್ಧ ಪಾಲು ಕೊಡಿ ಸಾರ್” ಎಂದರು. ಕೊನೆಗೆ, ಯಾವ ಚಿತ್ರವೂ ಮಾರಾಟವಾಗಿಲ್ಲವೆಂದು ನಾವು ಐವರೂ ಸಹಿ ಮಾಡಿದ ಪತ್ರವನ್ನು ಬರೆದುಕೊಟ್ಟು ಹೊರಬಂದೆವು. ಕಲಾಜೀವನದಲ್ಲಿ ನಾನು ಸಹಿ ಹಾಕಿದ ಅತ್ಯಂತ ಸತ್ಯವಾದ ದಾಖಲೆ ಅದು.

1874ರಲ್ಲಿ ಪ್ಯಾರಿಸ್ಸಿನಲ್ಲಿ ಮೊನೆ, ರೆನ್ವಾರ್, ದೆಗಾ ಮೊದಲಾದ ಮೂವತ್ತರಷ್ಟು ಕಲಾವಿದರು ನಾದಾರ್ ಎಂಬ ಛಾಯಾಗ್ರಾಹಕನ ಹಳೆಯ ಸ್ಟುಡಿಯೋದಲ್ಲಿ ಗುಂಪು ಪ್ರದರ್ಶನ ನಡೆಸಿ, ವರ್ಷದ ಕೊನೆಗೆ ಲೆಕ್ಕಕ್ಕೆ ಕುಳಿತಾಗ ತಲಾ 184.50 ಫ್ರಾಂಕ್ ಬಾಕಿ ಬಿದ್ದದ್ದು ಗೊತ್ತಾಗಿ ತಮ್ಮ ಸಂಘವನ್ನೇ ವಿಸರ್ಜಿಸಿದರಂತೆ. ಹೂವಿನ ಮೇಡಂ ಸಿದ್ಧಪಡಿಸಿದ ನಮ್ಮ ಲೆಕ್ಕವೂ ಮೊನ್ನೆ ಬಂತು. ಬಾಡಿಗೆ, ಆಹ್ವಾನ ಪತ್ರಿಕೆ, ಟಾಟಾ ಏಸ್, ಮುಖ್ಯ ಅತಿಥಿಗಳ ಶಾಲು, ಎಲ್ಲವೂ ನ್ಯಾಯವಾಗಿಯೇ ಇದ್ದವು. ಅದರ ಕೊನೆಯಲ್ಲಿ ಹಂಪಿಯವರು ತಾವಾಗಿಯೇ ಸೇರಿಸಿದ ಸಾಲೊಂದಿತ್ತು: ‘ಪ್ರಚಾರ ಸಾಮಗ್ರಿ (ಬೊಟ್ಟು), 30 ರೂಪಾಯಿ, ತಲಾ 6’. ಮುದ್ರಣಕಲೆಯ ಹುಡುಗ ಆ ಕ್ಷಣವೇ ಆರು ರೂಪಾಯಿಯನ್ನು ಫೋನಿನಲ್ಲಿ ಕಳುಹಿಸಿದ. ಶೀರ್ಷಿಕೆರಹಿತರೂ ಕಳುಹಿಸಿದರು. ನಾನು ಕೊಟ್ಟಿಲ್ಲ, ಕೊಡುವುದೂ ಇಲ್ಲ.