ಇದರಾಗ ಎಐ ಐತ್ರಿ ಕಾಕಾ

ರಾಯಚೂರಿನ ಮೊಬೈಲ್ ಅಂಗಡಿಯಲ್ಲಿ ಕೇಳಬಾರದ ಪ್ರಶ್ನೆ ಒಂದಿದೆ. "ತಮ್ಮಾ, ಬಿಸಿಲಾಗ ಇದರ ಅಕ್ಷರ ಕಾಣ್ತಾವೇನು?"

ಕೌಂಟರಿನ ಹುಡುಗ ಕಣ್ಣು ಪಿಳಿಪಿಳಿ ಬಿಡುತ್ತಾನೆ. ಕಂಪನಿಯವರು ಕೊಟ್ಟ ಟ್ರೇನಿಂಗ್‌ನಲ್ಲಿ ಇದು ಬಂದಿರಲಿಲ್ಲ. ಆಮೇಲೆ ಸುಧಾರಿಸಿಕೊಂಡು, "ಇದರಾಗ ಎಐ ಐತ್ರಿ ಕಾಕಾ" ಎನ್ನುತ್ತಾನೆ.

"ಅದಿರ್ಲಿ, ಮಾತಾಡಿದ್ದು ಜೋರಾಗಿ ಕೇಳಸ್ತದೇನು?"

"ಹಿಂದ ಗ್ಲಾಸ್ ಫಿನಿಶ್ ಐತ್ರಿ."

ಅಂಗಡಿ ಮುಂದಿನ ಬ್ಯಾನರ್ ಮಾತ್ರ ದೊಡ್ಡ ಅಕ್ಷರದಲ್ಲಿ ಹೇಳುತ್ತದೆ: ನಿಮ್ಮ ಅಗತ್ಯಕ್ಕೆ, ನಿಮ್ಮ ಬಜೆಟ್ಟಿಗೆ ತಕ್ಕ ಫೋನ್. ಅಗತ್ಯ ಯಾವುದು ಅಂತ ನಿಮಗೆ ಅವರೇ ತಿಳಿಸುತ್ತಾರೆ. ಬಜೆಟ್ ಎಷ್ಟು ಅನ್ನುವುದನ್ನೂ ಅವರೇ ತಿಳಿಸುತ್ತಾರೆ. ನೀವು ಆಧಾರ್ ಕಾರ್ಡ್ ತಂದರೆ ಸಾಕು.

ಮೊದಲು ಬಿಸಿಲಿನ ವಿಷಯಕ್ಕೆ ಬರೋಣ. ಐಫೋನನ್ನು ಸುತ್ತಲಿನ ತಾಪಮಾನ 0ಯಿಂದ 35 ಡಿಗ್ರಿ ಸೆಲ್ಸಿಯಸ್ ಇರುವ ಕಡೆ ಬಳಸಿ ಅಂತ ಆ್ಯಪಲ್ ಕಂಪನಿಯೇ ಬರೆದಿದೆ. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ 40 ದಾಟುವುದು ಸುದ್ದಿಯೇ ಅಲ್ಲ. ಅಂದರೆ ನಿಯಮದ ಪ್ರಕಾರ ನಾವು ಡಿಸೆಂಬರ್‌ನಲ್ಲಿ ಫೋನ್ ಕೊಂಡು, ಫೆಬ್ರುವರಿ ತನಕ ಮಾತಾಡಿ, ಆಮೇಲೆ ಮುಂಗಾರು ಬರುವವರೆಗೆ ಮೌನ ವ್ರತ ಹಿಡಿಯಬೇಕು. ಬಳಸದೆ ಸುಮ್ನೆ ಎತ್ತಿಡುವುದಾದರೆ ಮೈನಸ್ 20ರಿಂದ 45 ಡಿಗ್ರಿವರೆಗೆ ಪರವಾಗಿಲ್ಲವಂತೆ. ರಾಯಚೂರಿಗೆ ಮೈನಸ್ 20 ಬಂದ ದಿನ ಫೋನ್ ಎಲ್ಲಿಟ್ಟಿದ್ದೀವಿ ಅಂತ ಯಾರು ಹುಡುಕುತ್ತಾರೆ?

ಬೇಸಿಗೆ ಮುಗಿದರೂ ಬಿಡದ ಬಿಸಿಲಿನಲ್ಲೇ ರೈತ ತನ್ನ ಹೊಲದಲ್ಲಿ ನಿಂತು ಬೆಳೆ ಸಮೀಕ್ಷೆ ಆ್ಯಪ್ ತೆರೆಯಬೇಕು. ಸರ್ವೆ ನಂಬರ್ ಹಾಕಬೇಕು, ಬೆಳೆ ಆರಿಸಬೇಕು, ಫೋಟೊ ತೆಗೆಯಬೇಕು. ಫೋನಿನ ಡಬ್ಬಿ ಮೇಲೆ ಬೆಳಕು 4,500 ನಿಟ್ಸ್ ಎಂದಿರುತ್ತದೆ. ಅದು ಪೀಕ್, ಅಂದರೆ ಗರಿಷ್ಠ. ಪರದೆಯ ಒಂದು ಸಣ್ಣ ಮೂಲೆ, ಅದೂ ಯಾವುದೋ ವಿಶೇಷ ವಿಡಿಯೊ ಓಡುವಾಗ, ಸ್ವಲ್ಪ ಹೊತ್ತು ಹಾಗೆ ಹೊಳೆಯುತ್ತದೆ. ಉಳಿದ ಹೊತ್ತಿನಲ್ಲಿ ನಮ್ಮ ರೈತ ತಲೆ ಮೇಲಿನ ಟವಲ್ಲನ್ನು ಮುಖಕ್ಕೂ ಫೋನಿಗೂ ಸೇರಿಸಿ ಮುಸುಕು ಹಾಕಿಕೊಂಡು, ಒಳಗೆ ಕತ್ತಲೆ ಮಾಡಿಕೊಂಡು, ತೊಗರಿ ಎಲ್ಲಿದೆ ಅಂತ ಪರದೆಯಲ್ಲಿ ಹುಡುಕುತ್ತಾನೆ. ತೊಗರಿ ಮೊಣಕೈಗೆ ತಾಗುತ್ತಿರುತ್ತದೆ. ಅಷ್ಟರಲ್ಲಿ ಫೋನ್ ಕಾದು, ತಣ್ಣಗಾಗುವವರೆಗೆ ಕ್ಯಾಮೆರಾ ತೆರೆಯುವುದಿಲ್ಲ ಅನ್ನುತ್ತದೆ.

ಕ್ಯಾಮೆರಾ ಅಂದಕೂಡಲೇ ನೆನಪಾಯಿತು. ಈಗಿನ ಅಗ್ಗದ ಫೋನಿನ ಬೆನ್ನು ನೋಡಿದರೆ ನಮ್ಮೂರ ತೀನ್ ಕಂದೀಲ್ (ಮೂರು ಕಂದೀಲು) ವೃತ್ತ ಕಂಡ ಹಾಗಾಗುತ್ತದೆ, ಆದರೆ ಉರಿಯುವ ಕಂದೀಲು ಒಂದೇ. ಪಕ್ಕದ 2 ಮೆಗಾಪಿಕ್ಸೆಲ್‌ನ ಮ್ಯಾಕ್ರೊ, ಅಂದರೆ ತೀರ ಹತ್ತಿರದ್ದನ್ನು ತೆಗೆಯುವ ಕ್ಯಾಮೆರಾ, ಇರುವೆಯ ಫೋಟೊ ತೆಗೆಯಲಿಕ್ಕೆ. ಇರುವೆಯ ಫೋಟೊ ಕೇಳಿದವರು ಜಿಲ್ಲೆಯಲ್ಲಿ ಯಾರೂ ಇಲ್ಲ. ಇನ್ನೊಂದು ಬೆನ್ನು ತುಂಬಲಿ ಅಂತ ಇರುವುದು. ಮುಖ್ಯ ಕ್ಯಾಮೆರಾ 108 ಮೆಗಾಪಿಕ್ಸೆಲ್ ಅನ್ನುತ್ತಾರೆ. ಮಾಮೂಲಿಯಾಗಿ ಅದು ಒಂಬತ್ತೊಂಬತ್ತು ಪಿಕ್ಸೆಲ್‌ಗಳನ್ನು ಸೇರಿಸಿ ಕೈಗೆ ಕೊಡುವುದು 12 ಮೆಗಾಪಿಕ್ಸೆಲ್ ಫೋಟೊ. ಹಾಗೆ ಸೇರಿಸುವುದರಿಂದ ಕತ್ತಲಲ್ಲಿ ಫೋಟೊ ಚೆನ್ನಾಗಿ ಬರುತ್ತದೆ, ಅದು ನಿಜ. ಆ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದಾಗ ಅದು ಇನ್ನೂ ಹಿಂಡಿ ಹಿಪ್ಪೆಯಾಗುತ್ತದೆ. ಅದಕ್ಕೆ ಬೀಗರು "ಸೂಪರ್" ಅಂತ ಉತ್ತರಿಸುತ್ತಾರೆ, ಫೋಟೊ ತೆರೆಯದೆ.

ಎಐ ಮಾಡುವ ಕೆಲಸವನ್ನೂ ಹುಡುಗ ತೋರಿಸಿದ. ಫೋಟೊದಲ್ಲಿ ಹಿಂದೆ ನಿಂತ ಬೇಡದವರನ್ನು ಬೆರಳಿನಿಂದ ಒರೆಸಿದರೆ ಮಾಯವಾಗುತ್ತಾರೆ. ಇದನ್ನು ಕಂಡುಹಿಡಿದವರು ಒಟ್ಟು ಕುಟುಂಬದಲ್ಲಿ ಬೆಳೆದವರಲ್ಲ. ನಮ್ಮಲ್ಲಿ ಮದುವೆ ಫೋಟೊದಿಂದ ಚಿಕ್ಕಪ್ಪನನ್ನು ಒರೆಸಿ ಗ್ರೂಪಿಗೆ ಹಾಕಿದರೆ ಮರುದಿನ ಹೊಲದ ಭಾಗದ ಮಾತು ಶುರು.

ನೀರಿನ ಕಥೆ ಇನ್ನೂ ಚಂದ. "ಐಪಿ 68 ಐತ್ರಿ, ನೀರಾಗ ಬಿದ್ರೂ ಏನಾಗಂಗಿಲ್ಲ." ಸಾಮಾನ್ಯವಾಗಿ ಇದರ ಅರ್ಥ ಒಂದೂವರೆ ಮೀಟರ್ ಆಳದ ಸಿಹಿನೀರಿನಲ್ಲಿ 30 ನಿಮಿಷ. ಒಂದೂವರೆ ಮೀಟರ್! ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದವರು ಒಂದು ಗೇಣು ನೀರಿಗಾಗಿ ರಸ್ತೆಯಲ್ಲಿ ಧರಣಿ ಕೂರುತ್ತಾರೆ. ಫೋನ್ ಮುಳುಗುವಷ್ಟು ನೀರು ಬಂದರೆ ಅವರು ಮೊದಲು ಪೂಜೆ ಮಾಡುತ್ತಾರೆ. ಇನ್ನು ನಿಜವಾಗಿ ನೀರು ಒಳಗೆ ಹೋಯಿತು ಅನ್ನಿ. ಫೋನಿನೊಳಗೆ ಒಂದು ಸಣ್ಣ ಪಟ್ಟಿ ಇರುತ್ತದೆ, ತೇವ ತಾಗಿದರೆ ಕೆಂಪಾಗುತ್ತದೆ. ಕೆಂಪಾದರೆ ವಾರಂಟಿ ಇಲ್ಲ. ಹತ್ತಿಯಲ್ಲಿ ತೇವ ಶೇ. 12 ದಾಟಿದರೆ ಸಿಸಿಐ (ಭಾರತೀಯ ಹತ್ತಿ ನಿಗಮ) ಖರೀದಿ ಕೇಂದ್ರ ವಾಪಸ್ ಕಳಿಸುತ್ತದೆ. ಅಲ್ಲಿಂದ ಬೇಜಾರಾಗಿ ಬಂದವನನ್ನು ಸರ್ವಿಸ್ ಸೆಂಟರಿನವರೂ ತೇವದ ಹೆಸರಿನಲ್ಲೇ ವಾಪಸ್ ಕಳಿಸುತ್ತಾರೆ. ಹತ್ತಿಗಾದರೆ ಶೇ. 12ರ ತನಕ ರಿಯಾಯಿತಿ ಇದೆ!

ಚಾರ್ಜಿಂಗ್ ವಿಷಯಕ್ಕೆ ಬಂದರೆ ನಮಗೆ ಸ್ವಲ್ಪ ಹೆಮ್ಮೆ ಇರಬೇಕು. ಶಕ್ತಿನಗರದ ಆರ್‌ಟಿಪಿಎಸ್ 1,720 ಮೆಗಾವ್ಯಾಟ್, ಯರಮರಸ್ 1,600 ಮೆಗಾವ್ಯಾಟ್, ಎರಡೂ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ. ಹೊಗೆ, ಬೂದಿ ಎಲ್ಲಾ ನಮ್ಮದೇ. ಫೋನಿಗೆ ಬೇಕಾಗಿರುವುದು 80 ವ್ಯಾಟ್. ಅರ್ಧ ಗಂಟೆ ಚುಚ್ಚಿದರೆ ದಿನವಿಡೀ ಬರುತ್ತದೆ ಅಂತ ಹುಡುಗ ಆಣೆ ಮಾಡುತ್ತಾನೆ. ಆ ಅರ್ಧ ಗಂಟೆ ಕರೆಂಟ್ ಇರುತ್ತದೆ ಅಂತ ಆಣೆ ಮಾಡುವವರು ಬೇಕು. ಇದ್ದರೂ, ಫೋನ್ ಬಿಸಿಯಾದಷ್ಟೂ ಚಾರ್ಜ್ ಆಗುವ ವೇಗ ತಾನಾಗಿಯೇ ಇಳಿಯುತ್ತದೆ, ಇಲ್ಲದಿದ್ದರೆ ಬ್ಯಾಟರಿ ಹಾಳಾಗುತ್ತದೆ. ಎಸಿ ರೂಮಿನಲ್ಲಿ ಅಳೆದ ಅರ್ಧ ಗಂಟೆಯನ್ನು ತಗಡಿನ ಮನೆಯಲ್ಲಿ ಯಾರೂ ಅಳೆದಿಲ್ಲ.

ರ್‍ಯಾಮ್ (ಫೋನಿನ ಕೆಲಸದ ನೆನಪು) "8 ಪ್ಲಸ್ 8" ಅನ್ನುತ್ತಾರಲ್ಲ, ಎರಡನೇ 8 ಸ್ಟೋರೇಜ್‌ನಿಂದ ಕಡ ತಂದದ್ದು. ನಿಧಾನ. ಅಷ್ಟೇ.

ಯಾರೂ ಕೇಳದ ಮಾತು ಬೇರೆ ಇದೆ: ಇದಕ್ಕೆ ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ? 2024ರ ಗ್ಯಾಲಕ್ಸಿ ಎಸ್24ಗೆ ಸ್ಯಾಮ್‌ಸಂಗ್ 7 ವರ್ಷದ ಮಾತು ಕೊಟ್ಟಿದೆ. ಅಗ್ಗದ ಫೋನುಗಳಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಅಪ್‌ಡೇಟ್ ನಿಂತ ಫೋನಿನಲ್ಲಿ ಒಂದು ದಿನ ಬ್ಯಾಂಕಿನ ಆ್ಯಪ್ ಮುನಿಸಿಕೊಳ್ಳುತ್ತದೆ. ಕಾಕಾ ಪಾಪ ಕೇಳಿಯೇಬಿಟ್ಟರು. ಹುಡುಗ, "ಬರ್ತಾವ್ರಿ, ಅವ ಬರ್ತಾವ" ಎಂದ, ಕಾಲುವೆ ನೀರಿನ ಬಗ್ಗೆ ಶಾಸಕರು ಹೇಳುವ ದನಿಯಲ್ಲಿ. ರಿಪೇರಿ ಎಲ್ಲಿ ಎಂದರೆ "ಹೈದರಾಬಾದಿಗೆ ಕಳಸ್ತೀವ್ರಿ" ಅನ್ನುವುದು ಸಿದ್ಧ ಉತ್ತರ.

ಇಷ್ಟಾಗಿ ಹಣ. ಕಾಕಾ 12,000 ಅಂತ ಲೆಕ್ಕ ಹಾಕಿ ಬಂದವರು. ಹುಡುಗ 24,999ರ ಫೋನ್ ಇಟ್ಟು, "ತಿಂಗಳಿಗೆ ಬರೇ ಎರಡು ಸಾವಿರ, ಬಡ್ಡಿ ಸೊನ್ನೆ" ಎಂದ. ಸೊನ್ನೆ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಹಾಗಾಗಿ ಈಗ ಬಡ್ಡಿ ಇಲ್ಲ, ಪ್ರೊಸೆಸಿಂಗ್ ಫೀ ಇದೆ, ಅದರ ಮೇಲೆ ಶೇ. 18 ಜಿಎಸ್‌ಟಿ ಇದೆ, ಮತ್ತೆ ನಗದು ಕೊಟ್ಟವರಿಗೆ ಸಿಗುವ ರಿಯಾಯಿತಿ ನಿಮಗಿಲ್ಲ. ಹತ್ತಿ ಬೆಳೆಯುವವನಿಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ. ಕಂತು ಬರುವುದು ತಿಂಗಳಿಗೊಮ್ಮೆ. ಈ ಎರಡನ್ನೂ ಕೂಡಿಸುವ ಆ್ಯಪ್ ಇನ್ನೂ ಬಂದಿಲ್ಲ.

ಕಾಕಾ ಒಪ್ಪಿದರು. ಮೊಮ್ಮಗ ಪಕ್ಕದಲ್ಲಿ ನಿಂತಿದ್ದ, ಒಪ್ಪದೆ ಏನು ಮಾಡುತ್ತಾರೆ? ಫೈನಾನ್ಸ್‌ನವನು ಟೇಬಲ್ಲಿನಿಂದಲೇ ಕೂಗಿದ: "ಒಟಿಪಿ ಹೇಳ್ರಿ."

"ಫೋನ್ ಕೆಟ್ಟೈತಪ್ಪಾ. ಅದಕ್ಕ ಹೊಸಾದು ತಗೋಳಾಕ ಬಂದೀನಿ."

ಎಲ್ಲರೂ ಸುಮ್ಮನಾದರು. ಡಬ್ಬಿ ಒಡೆಯಲು ಸಾಲ ಪಾಸಾಗಬೇಕು. ಸಾಲ ಪಾಸಾಗಲು ಒಟಿಪಿ ಬೇಕು. ಒಟಿಪಿ ಬರಲು ಫೋನ್ ಬೇಕು. ಕೊನೆಗೆ ಹುಡುಗ ಡ್ರಾಯರ್ ಎಳೆದು, ಒಂದು ಹಳೆಯ ಕೀಪ್ಯಾಡ್ ಫೋನ್ ತೆಗೆದು, ಕಾಕಾನ ಸಿಮ್ ಹಾಕಿದ. ಟಣ್ ಎಂದು ಒಟಿಪಿ ಬಂತು. ಅಕ್ಷರ ದಪ್ಪ ದಪ್ಪ. ಕಾಕಾ ಅದನ್ನು ಬಾಗಿಲ ಬಿಸಿಲಿಗೆ ಹಿಡಿದು ನೋಡಿದರು. ಕಂಡಿತು. ಮೊಮ್ಮಗನಿಗೆ ಫೋನ್ ಹಚ್ಚಿ ನೋಡಿದರು. ರಸ್ತೆಯ ಆ ಕಡೆ ಅಂಗಡಿಯವರಿಗೂ ಕೇಳಿಸಿತು.

"ಇದರ ಚಾರ್ಜು?"

"ವಾರ ಬರ್ತೈತ್ರಿ."

"ಇದ ಎಷ್ಟಪಾ?"

"ಇದು ಮಾರಾಕಲ್ರಿ ಕಾಕಾ. ಅಂಗಡಿ ನಡಿಬೇಕಲ್ರಿ."