ಅಂಚು ಸೀಳಿದ ರೊಟ್ಟಿ

ಅಂಗಡಿ, ಮಗು ಎರಡನ್ನೂ ಒಂದೇ ದಿನ ನೂರಕ್ಕೆ ನೂರು ನೋಡಿಕೊಳ್ಳಲು ಆಗುವುದಿಲ್ಲ, ಅದನ್ನು ಒಪ್ಪಿಕೊಂಡ ಮೇಲೆ ಉಸಿರಾಡುವಂತಾಯಿತು ಎಂದು ನಿಮ್ಮ ಬರಹದಲ್ಲಿ ಹೇಳಿದ್ದೀರಿ. ಓದಿ ಕಣ್ಣು ತುಂಬಿತು ಅಕ್ಕಾ. ನಾನು ಹುಬ್ಬಳ್ಳಿಯಲ್ಲಿ ಮನೆಯಿಂದಲೇ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಮಾಡಿ ಮಾರುತ್ತೇನೆ. ಮಗಳಿಗೆ ಈಗ 14 ತಿಂಗಳು.

ಜೋಳದ ಹಿಟ್ಟು ಕಾಯುವುದಿಲ್ಲ ಅಲ್ವಾ? ಬಿಸಿನೀರು ಹಾಕಿ ನಾದಿದ ಕೂಡಲೇ ಬಡಿಯಬೇಕು, ತಡವಾದರೆ ಅಂಚು ಸೀಳುತ್ತದೆ. ಮಗಳು ಎದ್ದು ಅಳುವುದು ಸರಿಯಾಗಿ ಆಗಲೇ. ಮೊದಲೆಲ್ಲ ಸೀಳಿದ ರೊಟ್ಟಿ ಪಕ್ಕಕ್ಕಿಟ್ಟು ಮತ್ತೆ ಬಡಿಯುತ್ತಿದ್ದೆ, ರಾತ್ರಿ 11ರವರೆಗೂ. ಈಗ ಕೆಲವು ರೊಟ್ಟಿಯ ಅಂಚು ಸೀಳಿರುತ್ತದೆ ಎಂದು ಗ್ರಾಹಕರಿಗೆ ಮೊದಲೇ ಹೇಳಿಬಿಡುತ್ತೇನೆ. "ರುಚಿ ಅದೇ ಐತಲ್ಲ, ಕಳಿಸವ್ವಾ" ಎನ್ನುವವರೇ ಜಾಸ್ತಿ. ಮದುವೆ ಆರ್ಡರ್ ಮಾತ್ರ ಈ ವರ್ಷ ಬೇಡ ಅಂದೆ.

ನೌಕರಿಯಲ್ಲಿರುವ ತಾಯಂದಿರಿಗೆ 2017ರ ಕಾನೂನು ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ ಸಿಕ್ಕಿತು. ಸ್ವಂತ ಕೆಲಸ ಮಾಡುವ ನಮಗೆ ಆ ರಜೆ ಇಲ್ಲ. ಹೆರಿಗೆಯಾಗಿ 40ನೇ ದಿನಕ್ಕೆ ನಾನು ಒಲೆ ಮೇಲೆ ಹಂಚು ಇಟ್ಟೆ. ಅವತ್ತು ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತವರು ನಮ್ಮ ಅತ್ತೆ. ನಿಮ್ಮ ಜೊತೆ ಯಾರಿದ್ದರು? ಅದನ್ನೂ ಬರೆಯಿರಿ ಅಕ್ಕಾ.